ಅಲುಗಾಡದ ಕೈ

ಉಗುರು, ಮೊದಲು ಕೇಳಿಸುವುದು ಉಗುರು, ಗರಸು ಮಣ್ಣು ಕೆರೆಯುತ್ತ ಬೆನ್ನ ಹಿಂದೆ ಬರುವ ಸದ್ದು, ಆಮೇಲೆ ಉಸಿರು, ಆಮೇಲೆ ಏನೂ ಇಲ್ಲ — ನಾಯಿ ನೆಲ ಬಿಟ್ಟು ಗಾಳಿಯಲ್ಲಿರುವಷ್ಟು ಹೊತ್ತು ಯಾವ ಸದ್ದೂ ಇರುವುದಿಲ್ಲ, ಆ ಮೌನ ಬಂದ ಕೂಡಲೇ ತಿರುಗಿ ತೋಳು ಚಾಚಬೇಕು, ಹಿಂದಕ್ಕೆ ಎಳೆದುಕೊಂಡರೆ ಹಲ್ಲು ಕುತ್ತಿಗೆ ಹುಡುಕುತ್ತದೆ, ಚಾಚಿದೆ, ಬಿತ್ತು, ಒಂದು ಆಳು ತೂಕದ ನಾಯಿ ಮೊಣಕೈಗೆ ಜೋತುಬಿತ್ತು, ಭುಜದ ಕೀಲು ಎಂದಿನಂತೆ ಲಟಕ್ ಅಂದಿತು, ನಾನು ಎರಡು ಹೆಜ್ಜೆ ತಟ್ಟಾಡಿ ನಿಂತೆ, ಮೂಗಿಗೆ ಜೊಲ್ಲಿನ ಬಿಸಿ ವಾಸನೆ, ಒಳಗೆ ತೊಗಲು ಹೊರಗೆ ಹುರಿ ನೇಯ್ದ ಈ ದಪ್ಪ ತೋಳನ್ನು ನಾವು ಗೋಣಿತೋಳು ಅನ್ನುತ್ತೇವೆ, ಹಲ್ಲು ಅದನ್ನು ತೂರುವುದಿಲ್ಲ, ಒತ್ತುತ್ತದೆ, ಬಾಗಿಲ ಸಂದಿಗೆ ಕೈ ಸಿಕ್ಕಿಕೊಂಡ ಹಾಗೆ, ಹಾಗೆ ಅಂದುಕೊಳ್ಳಬಾರದು, ಬಾಗಿಲು ಬೇಡ, ಕಿಟಕಿ ಬೇಡ, ಹಿಡಿತ ನೋಡು, ನಿನ್ನ ಕೆಲಸ ಹಿಡಿತ ನೋಡುವುದು. ಹಿಡಿತ ಬಾಯಿ ತುಂಬ ಇದೆ, ದವಡೆಯ ಕೊನೆಯ ಹಲ್ಲಿನವರೆಗೆ, ಅಗಿಯುತ್ತಿಲ್ಲ, ಕಣ್ಣು ನನ್ನ ಮೇಲೇ ಇದೆ. ಹೆದರಿದ ನಾಯಿ ಹೀಗೆ ಹಿಡಿಯುವುದಿಲ್ಲ, ಮುಂದಿನ ಹಲ್ಲಿನಲ್ಲಿ ಚಿವುಟುತ್ತದೆ, ಬಿಟ್ಟು ಬಿಟ್ಟು ಹಿಡಿಯುತ್ತದೆ, ಅಗಿಯುತ್ತದೆ, ಕಣ್ಣು ಹಿಂದಕ್ಕೆ ಹೊರಳಿಸಿ ತನ್ನ ಯಜಮಾನ ಎಲ್ಲಿದ್ದಾನೆಂದು ಹುಡುಕುತ್ತದೆ — ಗೂಡಿನ ಹಿಂದೆ ಯಾರೂ ಇಲ್ಲದಾಗ ಒದೆ ತಿಂದ ನಾಯಿಯ ಬಾಯಲ್ಲಿ ಒದ್ದವನ ಗುರುತು ಇರುತ್ತದೆ, ಅದು ಕುರ್ಚಿ ಹಾಕಿಕೊಂಡು ನೆರಳಲ್ಲಿ ಕೂತ ಸಾಹೇಬರಿಗೆ ಕಾಣುವುದಿಲ್ಲ, ನನ್ನ ತೋಳಿಗೆ ಗೊತ್ತಾಗುತ್ತದೆ. ಅದಕ್ಕೇ ಶ್ವಾನದಳಕ್ಕೆ ನಾಯಿ ನಡೆಸುವ ಹೊಸ ಹ್ಯಾಂಡ್ಲರ್ ಆರಿಸುವಾಗಲೆಲ್ಲ ಸಾಹೇಬರು ಅಂಕಗಳನ್ನೆಲ್ಲ ಕೂಡಿಸಿ ಮುಗಿಸಿದ ಮೇಲೆ ನನ್ನ ಕಡೆ ತಿರುಗಿ ಒಂದೇ ಮಾತು ಕೇಳುತ್ತಾರೆ, ಹೇಗೆ ಮೂಳೆ, ನಾನು ತಲೆ ಆಡಿಸಿದರೆ ಒಳಗೆ, ಆಡಿಸದಿದ್ದರೆ ಹೊರಗೆ. ಮೂಳೆ ನನ್ನ ಹೆಸರಲ್ಲ, ಪರೀಕ್ಷೆಯಲ್ಲಿ ಕಳ್ಳನ ಬದಲು ನಾಯಿ ಬಾಯಿಗೆ ಸಿಗುವವನಿಗೆ ಅಡುಗೆಯವನು ಇಟ್ಟ ಹೆಸರು, ಈಗ ಸಂಬಳದ ಕಿಟಕಿಯಲ್ಲೂ ಹಾಗೇ ಕರೆಯುತ್ತಾರೆ. ಬೆಳಿಗ್ಗೆ ಚಹಾ ಕೊಡುವಾಗ ಅದೇ ಅಡುಗೆಯವನು ಹಲ್ಲು ಕಿರಿದ, ಇವತ್ತು ಅಳಿಯನ ಪರೀಕ್ಷೆಯಂತೆ ಮೂಳೆ, ಮಾವನ ಮಾಂಸದಲ್ಲೇ ಔತಣ, ಯಾರಿಗುಂಟು ಯಾರಿಗಿಲ್ಲ. ಎಲ್ಲರೂ ನಕ್ಕರು, ಅಳಿಯನೂ ನಕ್ಕ, ಸಣ್ಣಗೆ, ಕಪ್ ಕೆಳಗಿಡುವಾಗ ಸದ್ದಾಗದ ಹಾಗೆ ಇಟ್ಟ. ಈಗ ಬರುತ್ತಿದ್ದಾನೆ, ಓಡುತ್ತಿಲ್ಲ, ಅಭ್ಯರ್ಥಿಗಳಲ್ಲಿ ಓಡಿಬರುವವರೇ ಹೆಚ್ಚು, ಇವನು ನಡೆದು ಬರುತ್ತಿದ್ದಾನೆ, ಹಗ್ಗ ಎಡಗೈಯಲ್ಲಿ ಸಡಿಲವಾಗಿ, ನಾನು ನಿಯಮದ ಪ್ರಕಾರ ಸತ್ತವನಂತೆ ನಿಂತೆ, ಅಲುಗಾಡುವ ಮಾಂಸವನ್ನು ನಾಯಿ ಬಿಡುವುದಿಲ್ಲ, ಹತ್ತಿರ ಬಂದ, ಬಿಡು ಅಂದ, ಒಂದೇ ಸಲ, ಪಕ್ಕದಲ್ಲಿ ಕೂತವನ ಜೊತೆ ಮಾತಾಡಿದಷ್ಟು ಮೆಲ್ಲಗೆ, ನಾಯಿ ಬಿಟ್ಟು ಕೂತಿತು, ಅವನ ಮುಖ ನೋಡಿ ಬಾಲ ನೆಲಕ್ಕೆ ಬಡಿಯಿತು. ಇದಕ್ಕಿಂತ ಚೆನ್ನಾಗಿ ಮಾಡಿದವರನ್ನು ನಾನು ನೋಡಿಲ್ಲ. ನೆರಳಿನಲ್ಲಿ ಸಾಹೇಬರು ಏನೋ ಬರೆದುಕೊಂಡರು. ನನ್ನ ತೋಳಿಗೆ ಹೇಳಲು ಒಂದೂ ದೂರಿಲ್ಲ.

ನೀರು, ಬಾಟಲಿಯಲ್ಲಿ ಬಿಸಿಯಾಗಿಬಿಟ್ಟಿದೆ, ಕುಡಿದಷ್ಟೂ ಬೆವರಾಗಿ ಬರುತ್ತದೆ, ಈ ಕವಚದೊಳಗೆ ಮನುಷ್ಯ ಬೇಯುತ್ತಾನೆ. ಮಾವ, ನೋವಾಯ್ತಾ, ಅಂತ ಪಕ್ಕದಲ್ಲಿ ಬಂದು ನಿಂತಿದ್ದಾನೆ, ಇಲ್ಲ ಬಿಡಿ, ರೂಢಿ ಅಂದೆ, ಪಟ್ಟಿ ಬಿಗಿಯಾಗಿದೆ ಸಡಿಲ ಮಾಡ್ತೀನಿ ಇರಿ ಅಂತ ಭುಜದ ಬಕಲ್‌ಗೆ ಕೈ ಹಾಕಿದ, ಬೆರಳು ಎಷ್ಟು ಹಗುರ, ಚರ್ಮಕ್ಕೆ ತಾಗಲೇ ಇಲ್ಲ, ಆ ಬೆರಳನ್ನು ನೋಡಿಯೇ ಅಲ್ಲವೇ ನಾನು ಒಪ್ಪಿದ್ದು. ಹೆಂಡತಿಯ ಅಣ್ಣ ಈ ಸಂಬಂಧ ತಂದಾಗ, ಹುಡುಗ ಕಾವಲು ವಿಭಾಗದಲ್ಲಿದ್ದಾನೆ, ಕುಡಿಯಲ್ಲ, ಮಾತು ಕಮ್ಮಿ ಅಂದಾಗ, ಬೇರೆಯವರ ಹಾಗೆ ನಾನು ಮನೆ ನೋಡಲಿಲ್ಲ, ವಿಚಾರಿಸಲಿಲ್ಲ, ಬನ್ನಿ ನಮ್ಮ ನಾಯಿ ಗೂಡು ತೋರಿಸ್ತೀನಿ ಅಂತ ಇಲ್ಲಿಗೇ ಕರೆದುಕೊಂಡು ಬಂದೆ. ಒಂದು ನಾಯಿಗೆ ಪಂಜದಲ್ಲಿ ಗಾಜು ಹೊಕ್ಕಿತ್ತು, ಕಾಂಪೌಂಡರ್‌ಗೂ ಕೈ ಕೊಡುತ್ತಿರಲಿಲ್ಲ, ಗುರ್ ಅಂತ ಹಲ್ಲು ತೋರಿಸುತ್ತಿತ್ತು, ಇವನು ಅದರ ಪಕ್ಕ ನೆಲದ ಮೇಲೆ ಕೂತು, ಮುಟ್ಟದೆ, ನೋಡದೆ, ಎಷ್ಟೋ ಹೊತ್ತು ಏನೇನೋ ಗುನುಗುತ್ತ ಇದ್ದು, ನಾಯಿ ತಾನಾಗಿ ಕಾಲು ಚಾಚಿದ ಮೇಲೆ ಎರಡು ಬೆರಳಲ್ಲಿ ಗಾಜು ತೆಗೆದ. ಮನೆಗೆ ಹೋಗಿ ಹೆಂಡತಿಗೆ ಹೇಳಿದೆ, ಒಳ್ಳೆ ಕ್ಯಾಂಡಿಡೇಟು ಕಣೇ, ಇಂಥ ಕೈ ಸಾವಿರಕ್ಕೊಂದು. ನಾಯಿಗಾ ಮಗಳಿಗಾ ಅಂತ ಅವಳು ನಕ್ಕಳು, ನಾನೂ ನಕ್ಕೆ. ಕಳೆದ ಭಾನುವಾರ ಮಗಳು ಮನೆಗೆ ಬಂದಾಗ ಸೆಕೆಯಲ್ಲೂ ಉದ್ದ ತೋಳಿನ ರವಿಕೆ, ಎಡಗೈ ಮೇಜಿನ ಅಂಚಿನ ಮೇಲೆ ಇಟ್ಟುಕೊಂಡು ಕೂತಿದ್ದಳು, ಯಾರೋ ಮರೆತು ಹೋದ ವಸ್ತುವಿನ ಹಾಗೆ, ಬೆರಳು ಅರ್ಧ ಮಡಚಿ, ಎರಡು ಉಗುರು ಪೂರ್ತಿ ಕಪ್ಪು, ಬಲಗೈ ಲೋಟ ಎತ್ತುತ್ತದೆ, ಸೆರಗು ಸರಿಮಾಡಿಕೊಳ್ಳುತ್ತದೆ, ನೊಣ ಓಡಿಸುತ್ತದೆ, ಎಡಗೈಯ ಮೇಲೆ ನೊಣ ಕೂತಿದೆ, ಆ ಕೈ ಅಲುಗಾಡುವುದಿಲ್ಲ. ಏನಾಯ್ತು ಪುಟ್ಟಿ ಅಂದೆ, ಕಿಟಕಿ ಬಡೀತು ಅಂದಳು, ಗಾಳಿಗೆ ಅಂದಳು. ಅವಳಮ್ಮ ಒಳಗೆ ಪಾತ್ರೆ ಸದ್ದು ಜೋರು ಮಾಡಿದಳು. ಕಚ್ಚಿದ ಗಾಯ, ಜಜ್ಜಿದ ಗಾಯ, ತಿರುಚಿದ ಗಾಯ, ಬೇರೆ ಬೇರೆ ಗೊತ್ತು ನನಗೆ, ಇದೇ ನನ್ನ ಅನ್ನ, ಗಾಳಿ ಬಡಿದ ಕಿಟಕಿ ಒಂದು ಸಲ ಜಜ್ಜುತ್ತದೆ, ಒತ್ತಿ ಹಿಡಿಯುವುದಿಲ್ಲ, ಇದು ಒತ್ತಿ ಹಿಡಿದದ್ದು, ಉಗುರಿನ ಕೆಳಗೆ ಗೆರೆ ಎಳೆದ ಹಾಗೆ ನೇರ, ರವಿಕೆಯ ತೋಳು ಮೇಲೆ ಸರಿಸಿದೆ, ಮೊಣಕೈ ಹತ್ತಿರ ನಾಲ್ಕು ಬೆರಳ ಗುರುತು, ಒಂದು ಹೆಬ್ಬೆರಳು, ಹಳದಿಗೆ ತಿರುಗಿದ್ದ ಹಳೆಯದರ ಮೇಲೆ ನೀಲಿ ಹೊಸದು. ಕೈ ಎಳ್ಕೊಳ್ಲಿಲ್ವಾ ಅಂದೆ. ಅವಳು ನನ್ನನ್ನು ನೋಡಿದ ರೀತಿ — ಗೊತ್ತಿರುವ ಪಾಠವನ್ನೇ ಮೇಷ್ಟ್ರು ತಿರುಗಿ ಕೇಳಿದರೆ ಮಕ್ಕಳು ನೋಡುತ್ತಾರಲ್ಲ ಹಾಗೆ — ಅಪ್ಪ, ನೀನೇ ಅಲ್ವಾ ಕಲಿಸಿದ್ದು, ಅಲುಗಾಡದಿದ್ರೆ ಬೇಗ ಬಿಡ್ತಾರೆ.

ಎರಡನೆಯ ಸುತ್ತಿಗೆ ಸೀಟಿ. ಈ ಸಲ ನಾನು ಕೋಲು ಬೀಸುತ್ತ ಕೂಗುತ್ತ ನಾಯಿಯ ಎದುರಿಗೇ ಓಡಬೇಕು, ಎದುರಿಸುವವನನ್ನು ಕಂಡು ನಾಯಿ ಹಿಂಜರಿಯುತ್ತದೋ ಎಂದು ನೋಡಲು, ಹಾ ಹಾ ಅಂತ ಕೂಗಿದೆ, ಕೋಲು ಅದರ ಕಿವಿಯ ಪಕ್ಕ ಹಾದುಹೋಯಿತು, ನಾಯಿ ಕೋಲಿನ ಕೆಳಗೆ ನುಗ್ಗಿ ತೋಳಿಗೆ ಬಿತ್ತು, ಎದೆಗೆ ಗುದ್ದಿದ ರಭಸಕ್ಕೆ ನಾಲಿಗೆ ಕಚ್ಚಿಕೊಂಡೆ, ಬಾಯಲ್ಲಿ ಉಪ್ಪು, ಇಬ್ಬರೂ ಸುತ್ತು ತಿರುಗಿ ಬಿದ್ದೆವು, ಅಂದು ಬೀದಿ ನಾಯಿ ಕಾಲು ಹಿಡಿದಾಗ ಮಗಳು ಇಷ್ಟೆತ್ತರ ಇದ್ದಳು, ನನ್ನ ಸೊಂಟಕ್ಕೆ ಬರುತ್ತಿರಲಿಲ್ಲ, ಅಂಗಡಿ ಮುಂದೆ ಜನ ಕಲ್ಲು ಎತ್ತಿಕೊಂಡು ಕೂಗಾಡುತ್ತಿದ್ದರು, ನಾನು ದೂರದಿಂದಲೇ ಒಂದು ಮಾತು ಕೂಗಿದೆ, ಅಲುಗಾಡಬೇಡ ಪುಟ್ಟಿ, ಕಂಬದ ಹಾಗೆ ನಿಂತ್ಕೋ, ಅವಳು ನಿಂತಳು, ಮೀನಖಂಡದಿಂದ ರಕ್ತ ಇಳಿದು ಕಾಲುಚೀಲ ತೊಯ್ದಿತು, ಕಣ್ಣು ಮುಚ್ಚಲಿಲ್ಲ, ಅಳಲಿಲ್ಲ, ನಾಯಿಗೆ ಬೇಜಾರಾಗಿ ಬಿಟ್ಟು ಹೋಯಿತು. ಆಮೇಲೆ ನಾನು ಅದನ್ನು ಎಷ್ಟು ಜನರಿಗೆ ಹೇಳಿಲ್ಲ, ಬಂದ ನೆಂಟರ ಮುಂದೆಲ್ಲ ನನ್ನ ಮಗಳು ನಿಂತ ಕಥೆ, ಅವಳೂ ಕಾಲು ಎತ್ತಿ ಗುರುತು ತೋರಿಸುವಳು, ನೆಂಟರು ಭೇಷ್ ಅನ್ನುವರು. ಬಿಡು. ಅಳಿಯನ ದನಿ, ಮತ್ತೆ ಅದೇ ಮೆಲ್ಲಗೆ, ಒಂದೇ ಸಲ, ಸರಿಯಾದ ಹೊತ್ತಿಗೆ, ನಾಯಿ ಬಿಟ್ಟಿತು. ಈ ಹೊತ್ತು ಅನ್ನುವುದೇ ಮುಖ್ಯ ಎಂದು ನಾವು ಕಲಿತದ್ದು ಒಬ್ಬ ಹಳೆಯ ಹ್ಯಾಂಡ್ಲರ್‌ನಿಂದ, ಗೋದಾಮಿನ ಗೋಡೆ ಹಾರಿದ ಕಳ್ಳನ ತೋಳಿಗೆ ಅವನ ನಾಯಿ ಬಿದ್ದಾಗ ಅವನು ಹತ್ತಿರವೇ ನಿಂತಿದ್ದ, ಬಿಡು ಅನ್ನುವ ಮುಂಚೆ ಎರಡು ಉಸಿರು ಹೆಚ್ಚು ತೆಗೆದುಕೊಂಡ, ಕಳ್ಳ ಎಳೆದುಕೊಂಡಷ್ಟೂ ಮಾಂಸ ಬಟ್ಟೆಯ ಹಾಗೆ ಬಿಚ್ಚಿಕೊಂಡು ಬಂತು, ಒಳಗಿನ ಬಿಳಿ ನರ ಕಂಡಿತು, ಆ ಮನುಷ್ಯ ಅವ್ವಾ ಅನ್ನಲು ಬಾಯಿ ತೆರೆದರೂ ಸದ್ದು ಹೊರಡಲಿಲ್ಲ, ಟಾರ್ಚ್ ಹಿಡಿದವನು ನಾನು, ನಾನು ನೋಡಿದ್ದು ಗಾಯವನ್ನಲ್ಲ, ಹ್ಯಾಂಡ್ಲರ್‌ನ ಮುಖವನ್ನು, ರುಚಿಯಾದದ್ದು ತಿನ್ನುವವನ ಮುಖ. ಅಂದಿನಿಂದ ಸಾಹೇಬರ ಮಾತು ಒಂದೇ, ಧೈರ್ಯ ಬೇಡ, ಮೈಕಟ್ಟು ಬೇಡ, ಸಿಟ್ಟು ಬಂದಾಗ ದನಿ ತಗ್ಗಿಸುವವನು ಬೇಕು, ಒಂದು ಸಲ ಹೇಳಿ ಕೆಲಸ ಮಾಡಿಸುವವನು ಬೇಕು. ಅಂಥವನೇ ಈಗ ಕೂತು ನಾಯಿಯ ಎದೆ ನೀವುತ್ತಿದ್ದಾನೆ. ಪರಿಸ್ಥಿತಿ ಸರಿಯಾಗುತ್ತೆ ಅಪ್ಪ, ಅಂದಿದ್ದಳು ಮಗಳು, ದಳಕ್ಕೆ ಸೇರಿದ್ರೆ ಕ್ವಾರ್ಟರ್ಸ್ ಕೊಡ್ತಾರೆ, ನಾಯಿ ಜೊತೆ ಇದ್ದಾಗ ಅವರು ತುಂಬ ಒಳ್ಳೆಯವರು, ನೀನು ಸುಮ್ನೆ ತಲೆ ಆಡಿಸಿಬಿಡು. ಇವತ್ತು ಬೆಳಿಗ್ಗೆ ಹೆಂಡತಿ ಬೂಟಿನ ಲೇಸು ಕಟ್ಟುತ್ತ, ಎಂದೂ ಕಟ್ಟದವಳು, ತಲೆ ಎತ್ತದೆ ಅಂದಳು, ರೀ, ಆಡಿಸಿಬಿಡಿ, ಅವಳ ಮನೆ ಉಳಿಯಲಿ. ನಾನು ಹೂಂ ಅಂದೆನೋ ಇಲ್ಲವೋ. ಮಗಳ ಮಾತು ಇನ್ನೊಂದಿತ್ತು, ಆ ಭಾನುವಾರ ಹೊರಡುವಾಗ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ಹೇಳಿದ್ದು, ಗಂಡನ ಪರ ವಾದ ಮಾಡುವವಳ ಹಾಗೆ, ಹಾಗೆಲ್ಲ ಕಾರಣ ಇಲ್ದೆ ಮುಟ್ಟಲ್ಲ ಅಪ್ಪ, ಒಂದು ಸಲ ಹೇಳಿದ್ದು ಮಾಡಿದ್ರೆ ಏನೂ ಇಲ್ಲ, ಎರಡನೇ ಸಲ ಹೇಳಿಸಬಾರದು ಅಷ್ಟೆ. ಕೈ ಜಜ್ಜಿದ ದಿನ ಅವನ ಸ್ನೇಹಿತರು ಬಂದಿದ್ದರಂತೆ, ಕಿಟಕಿ ಹಾಕು ಅಂದನಂತೆ, ಇವಳ ಕೈ ಸೋಪಿನಲ್ಲಿತ್ತು, ಬಂದೆ ಅಂದಳು, ತಡವಾಯಿತು, ಅವನು ನಗುತ್ತಲೇ ಎದ್ದು ತಾನೇ ಹಾಕಿದ, ಸ್ನೇಹಿತರನ್ನು ಗೇಟಿನವರೆಗೆ ಬಿಟ್ಟು ಬಂದ, ಮೆಲ್ಲಗೆ ಕರೆದ, ಬಾ, ತೋರಿಸ್ತೀನಿ, ಕಿಟಕಿ ಹೇಗೆ ಹಾಕೋದು ಅಂತ. ಅವಳು ಹೋದಳು. ಚೌಕಟ್ಟಿನ ಮೇಲೆ ಕೈ ಇಡಿಸಿದ. ಇಟ್ಟಳು. ಕಿಟಕಿಯ ಕಬ್ಬಿಣದ ಬಾಗಿಲು ಎಳೆದು ಒತ್ತಿ ಹಿಡಿದ, ಮುಖದ ಹತ್ತಿರ ಮುಖ ತಂದು ನೋಡುತ್ತಿದ್ದ, ಅವಳು ಅಲುಗಾಡಲಿಲ್ಲ.

ಸಾಹೇಬರು ಮರದ ಕೆಳಗಿಂದ ಕೈ ಎತ್ತಿ ಕೂಗಿದರು, ಇನ್ನೊಂದೇ ಸುತ್ತು ಮೂಳೆ, ಸುಸ್ತಾಯ್ತಾ. ಇಲ್ಲ ಸಾಹೇಬ್ರೇ. ಮೂರನೆಯ ಸುತ್ತಿನಲ್ಲಿ ನಾನು ಬೀಳಬೇಕು, ಬಿದ್ದವನ ಮೇಲೆ ನಾಯಿ ಇರುವಾಗ ಬಿಡಿಸುವುದು ಎಲ್ಲಕ್ಕಿಂತ ಕಷ್ಟ, ಆದರೆ ನಾನು ಸತ್ತಂತೆ ಮಲಗುತ್ತೇನೆ, ನಾಯಿ ಬಿಡುತ್ತದೆ, ಎಲ್ಲ ಅಭ್ಯರ್ಥಿಗಳೂ ಪಾಸಾಗುವ ಸುತ್ತು ಇದೇ. ಎಲ್ಲರೂ ಪಾಸಾಗುತ್ತಾರೆ. ಓಡುತ್ತ ಓಡುತ್ತ ಅದೇ ತಲೆಯಲ್ಲಿ, ಎಲ್ಲರಿಗೂ ನಾವು ಕೊಡುವುದು ಪಳಗಿದ ನಾಯಿ, ಹೇಳಿದ್ದು ಕೇಳುವ ನಾಯಿ, ಕೇಳುವ ನಾಯಿಯ ಮುಂದೆ ಮೆಲುದನಿಯವನು ಮೆಲುದನಿಯಲ್ಲೇ ಇರುತ್ತಾನೆ, ಇಷ್ಟು ವರ್ಷ ನಾವು ಪರೀಕ್ಷೆ ಮಾಡಿದ್ದು ನಾಯಿಯ ವಿಧೇಯತೆಯನ್ನು, ಅಂಕ ಕೊಟ್ಟಿದ್ದು ಮನುಷ್ಯನಿಗೆ, ಮಾತು ನಡೆಯದಿದ್ದಾಗ ಇವನು ಏನು ಮಾಡುತ್ತಾನೆ ಅನ್ನುವುದನ್ನು ಯಾರೂ ಕೇಳಲಿಲ್ಲ, ಸಾಹೇಬರು ಕೇಳಲಿಲ್ಲ, ಗಾಜು ತೆಗೆದದ್ದನ್ನು ನೋಡಿ ಮನೆಗೆ ಹೋದ ನಾನು ಕೇಳಲಿಲ್ಲ, ಉಗುರು, ಉಸಿರು, ಮೌನ — ಬಿದ್ದೆ, ಬೆನ್ನಿಗೆ ಗರಸು, ಮೇಲೆ ಸೂರ್ಯ, ಸೂರ್ಯನ ಅಡ್ಡ ನಾಯಿಯ ತಲೆ, ಗೋಣಿತೋಳನ್ನು ಎಡಕ್ಕೂ ಬಲಕ್ಕೂ ಕುಲುಕುತ್ತಿದೆ, ನಾನು ಸತ್ತಂತೆ ಮಲಗಬೇಕು, ಅವನ ಬೂಟು ಕಾಣಿಸಿತು, ನಡೆದು ಬಂದು ತಲೆಯ ಹತ್ತಿರ ನಿಂತಿತು, ಬೆನ್ನು ಸಾಹೇಬರ ಕಡೆ. ಬಿಡು ಅಂದ. ಗೋಣಿತೋಳಿನ ಒಳಗೆ ಹಿಡಿದುಕೊಳ್ಳಲು ಒಂದು ಮರದ ಹಿಡಿ ಇರುತ್ತದೆ, ಹೊರಗಿನವರಿಗೆ ಕಾಣುವುದಿಲ್ಲ, ನಾನು ಆ ಹಿಡಿಯನ್ನು ತಿರುಗಿಸಿದೆ. ಸ್ವಲ್ಪ. ನಾಯಿಯ ದವಡೆಯ ಕೆಳಗೆ ಮಾಂಸ ಅಲುಗಾಡಿತು, ದವಡೆ ಬಿಗಿಯಿತು. ಕ್ಷಮಿಸು ನಾಯಿ, ತಪ್ಪು ನಿನ್ನದಲ್ಲ. ಬಿಡು, ಎರಡನೆಯ ಸಲ, ದನಿ ಇನ್ನೂ ತಗ್ಗಿತು, ಮರದ ಕೆಳಗೆ ಕುರ್ಚಿ ಸರಿದ ಸದ್ದು, ಯಾರೋ ಕೆಮ್ಮಿದರು, ಅಡುಗೆಯವನಿರಬೇಕು, ಅಡುಗೆಮನೆ ಬಾಗಿಲಿಗೆ ಬಂದು ನಿಂತಿರಬೇಕು, ಜನ ನೋಡುತ್ತಿದ್ದಾರೆ ಅಂತ ಇವನಿಗೆ ಬೆನ್ನಲ್ಲೇ ಗೊತ್ತಾಗುತ್ತಿದೆ, ನಾನು ಮತ್ತೆ ಹಿಡಿ ತಿರುಗಿಸಿದೆ, ನಾಯಿ ಜಾರಿ ಮೇಲಕ್ಕೆ ಹಿಡಿಯಿತು, ಗೋಣಿತೋಳು ಮುಗಿಯುವಲ್ಲಿ, ಭುಜದ ಕೆಳಗೆ, ಬರೀ ಬಟ್ಟೆ ಇರುವ ಕಡೆ, ಹಲ್ಲು ಇಳಿಯಿತು, ಮೊದಲು ನೋವಿಲ್ಲ, ಬಿಸಿ, ಆಮೇಲೆ ಮಾಂಸದೊಳಗೆ ಯಾರೋ ಕೈ ಹಾಕಿ ಹುಡುಕಿದ ಹಾಗೆ. ಅಳಿಯ ಕೂತ. ನೋಡುವವರಿಗೆ ಸಮಾಧಾನದಿಂದ ಮೊಣಕಾಲೂರಿದ ಹಾಗೆ ಕಾಣುತ್ತಿತ್ತು. ಮುಖ ನಾಯಿಯ ಮುಖದ ಹತ್ತಿರ ತಂದ, ಅವನ ಬಾಯಿಯ ಏಲಕ್ಕಿ ವಾಸನೆ ನನಗೂ ಬಂತು, ಎಡಗೈ ನಾಯಿಯ ತಲೆ ನೀವುತ್ತ, ಬಲಗೈ ಈಚೆ ಬದಿಯಲ್ಲಿ, ನನಗೆ ಮಾತ್ರ ಕಾಣುವ ಬದಿಯಲ್ಲಿ, ಕಿವಿಯ ಬುಡ ಹಿಡಿದು ತಿರುಚಿತು, ನಿಧಾನ, ಒದ್ದೆ ಬಟ್ಟೆ ಹಿಂಡಿದಂತೆ, ಹೆಬ್ಬೆರಳು ಕಣ್ಣಿನ ಮೂಲೆಗೆ ಇಳಿಯಿತು, ಅವನು ಪ್ರೀತಿಯಿಂದ ಅಂದ, ಬಾ, ತೋರಿಸ್ತೀನಿ. ಆಗ ನನ್ನ ತೋಳಿಗೆ ಗೊತ್ತಾಯಿತು. ಹಿಡಿತ ಬದಲಾಯಿತು. ಬಾಯಿ ತುಂಬ ಇದ್ದದ್ದು ಮುಂದಿನ ಹಲ್ಲಿಗೆ ಬಂತು, ಬಿಟ್ಟಿತು, ಹಿಡಿಯಿತು, ಬಿಟ್ಟಿತು, ಹಿಡಿಯಿತು, ಅಗಿಯಿತು, ಕಣ್ಣು ಹಿಂದಕ್ಕೆ ಹೊರಳಿತು, ಗಂಟಲಲ್ಲಿ ಮಗು ಅತ್ತಂಥ ಸಣ್ಣ ಸದ್ದು, ಅದು ಅಗಿಯುತ್ತಿರುವುದು ನನ್ನನ್ನು, ಹೆದರುತ್ತಿರುವುದು ಅವನಿಗೆ, ನಾನು ಹಿಡಿ ಬಿಟ್ಟೆ, ಸತ್ತಂತೆ ಮಲಗಿದೆ, ಆದರೂ ಅದಕ್ಕೆ ಬಿಡಲಾಗುತ್ತಿಲ್ಲ, ಹೆದರಿಕೆಗೆ ಹಲ್ಲು ತೆರೆಯುತ್ತಿಲ್ಲ, ಅವನು ಇನ್ನೊಂದು ಸುತ್ತು ತಿರುಚಿದ, ಕಿವಿಯ ಬುಡದಲ್ಲಿ ಚರ್ಮ ಬಿರಿಯಿತು, ಆಮೇಲೆ ನಾಯಿ ಬಿಟ್ಟು ಹೊಟ್ಟೆ ನೆಲಕ್ಕೆ ಒತ್ತಿ ತೆವಳಿತು, ಬಾಲ ಕಾಲ ನಡುವೆ, ಉಚ್ಚೆಯ ಗೆರೆ ಮಣ್ಣಿನ ಮೇಲೆ. ಮಾವ, ಏಳಿ, ಅಂತ ಅದೇ ಬಲಗೈ ಚಾಚಿದ. ಹೆಬ್ಬೆರಳು ಒದ್ದೆಯಾಗಿತ್ತು.

ಅಬ್ಬಾ, ಎಂಥ ತಾಳ್ಮೆ ಕಣಯ್ಯ ನಿಂದು, ಅಂತ ಸಾಹೇಬರು ಹತ್ತಿರ ಬರುತ್ತಲೇ ಅಳಿಯನ ಬೆನ್ನು ತಟ್ಟಿದರು, ನಾಯಿ ಮಾತು ಕೇಳದಿದ್ರೂ ಒಂದು ಸಲ ದನಿ ಎತ್ತಲಿಲ್ಲ, ನಾನಾಗಿದ್ರೆ ಬೂಟು ಎತ್ತಿಬಿಡ್ತಿದ್ದೆ. ಆಮೇಲೆ ನನ್ನ ಭುಜ ನೋಡಿ ಕಾಂಪೌಂಡರ್‌ನನ್ನು ಕೂಗಿದರು, ಆಮೇಲೆ ರೂಢಿಯಂತೆ, ಹೇಗೆ ಮೂಳೆ. ಅಳಿಯ ನನ್ನನ್ನೇ ನೋಡುತ್ತಿದ್ದ, ಸಣ್ಣ ನಗು, ಬೆಳಿಗ್ಗೆ ಕಪ್ ಇಟ್ಟಾಗಿನಂಥ ನಗು, ಹಗ್ಗ ಸುತ್ತುತ್ತಿದ್ದ, ಒಂದರ ಮೇಲೊಂದು ಸಮವಾಗಿ. ತಲೆ ಆಡಿಸಿದರೆ ಕ್ವಾರ್ಟರ್ಸ್, ಗೂಡಿನ ಹಿಂದಿನ ಸಾಲು, ಆ ಮನೆಗಳಿಗೂ ಕಬ್ಬಿಣದ ಕಿಟಕಿ, ದಿನಾ ಬೆಳಿಗ್ಗೆ ಇವನು ಇಲ್ಲಿ ಒಳ್ಳೆಯವನಾಗಿದ್ದು ಸಂಜೆ ಅಲ್ಲಿಗೆ ಹೋಗುತ್ತಾನೆ, ಆಡಿಸದಿದ್ದರೆ ಇವತ್ತೇ ಮಗಳ ಹತ್ತಿರ ಹೋಗುತ್ತಾನೆ. ಬೇಡ ಅಂದೆ. ಸಾಹೇಬರಿಗೆ ಕೇಳಿಸಲಿಲ್ಲವೇನೋ, ಏನಂದೆ. ಬೇಡ ಸಾಹೇಬ್ರೇ, ಈ ಮನುಷ್ಯ ಬೇಡ. ತಮಾಷೆ ಮಾಡ್ತಿದೀಯಾ, ನಿನ್ನ ಅಳಿಯ ಕಣಯ್ಯ. ನಾನು ಬಲಗೈಯಿಂದ ಬಟ್ಟೆ ಹರಿದು ಗಾಯ ತೋರಿಸಿದೆ, ಮೊದಲು ಇಳಿದ ಹಲ್ಲು ಇವು ನೋಡಿ, ಆಳ, ನಾಲ್ಕೇ, ಇದು ಬರೀ ಕಚ್ಚಿದ್ದು, ಆಮೇಲಿನದು ಇದು, ಅಗಿದದ್ದು, ಇವನು ಬಂದು ಕೂತ ಮೇಲಿನದು, ನನ್ನನ್ನು ನಂಬಬೇಡಿ, ಆ ನಾಯಿಯ ಬಲಗಿವಿ ಎತ್ತಿ ನೋಡಿ. ಸಾಹೇಬರು ನಾಯಿಯ ಕಡೆ ಬಗ್ಗಿದರು. ಕಿವಿ ಎತ್ತಿದರು. ತುಂಬ ಹೊತ್ತು ಬಗ್ಗಿಯೇ ಇದ್ದರು. ಎದ್ದಾಗ ಅಳಿಯನ ಮುಖ ನೋಡಲಿಲ್ಲ, ಪರೀಕ್ಷೆಗೆ ಕೊಟ್ಟ ಹಗ್ಗ, ಸಮವಸ್ತ್ರ, ಸೀಟಿ ಎಲ್ಲ ಉಗ್ರಾಣಕ್ಕೆ ಒಪ್ಪಿಸಿ ಹೋಗು ಅಂದರು. ಆಯ್ತು ಸಾಹೇಬ್ರೇ ಅಂದ. ನನ್ನ ಕಡೆ ತಿರುಗಿ, ಬಗ್ಗಿ, ನನ್ನ ಬೂಟಿನ ಬಿಚ್ಚಿದ ಲೇಸು ಕಟ್ಟಿದ, ಎಲ್ಲರೂ ನೋಡುತ್ತಿರುವಾಗ, ಬಿಗಿಯಾಗಿ, ಹಾಗೆ ಬಗ್ಗಿಕೊಂಡೇ ಅಂದ, ಗಾಯ ನೋಡ್ಕೊಳ್ಳಿ ಮಾವ, ನಾನು ಮನೆಗೆ ಹೋಗ್ತೀನಿ.

ಈಗ ಕಾಂಪೌಂಡರ್‌ನ ಕೋಣೆಯಲ್ಲಿ ಸ್ಪಿರಿಟ್ ವಾಸನೆ, ಹತ್ತಿ ಕೆಂಪಾಗಿ ಕೆಂಪಾಗಿ ಬಕೆಟ್‌ಗೆ ಬೀಳುತ್ತಿದೆ, ಅಲುಗಾಡಬೇಡ ಮೂಳೆ ಹೊಲಿಗೆ ಹಾಕ್ಬೇಕು ಅನ್ನುತ್ತಿದ್ದಾನೆ ಕಾಂಪೌಂಡರ್, ಆ ಮಾತು ಹೇಳಬೇಡ ಮಾರಾಯ ಅಂದರೆ ಅವನಿಗೇನು ಅರ್ಥವಾದೀತು, ಕಿಟಕಿಯಿಂದ ಉಗ್ರಾಣದ ಬಾಗಿಲು ಕಾಣುತ್ತದೆ, ಅಳಿಯ ಅಂಗಿ ಮಡಚುತ್ತಿದ್ದಾನೆ, ಕಾಲರ್ ಒಳಗೆ, ತೋಳು ಹಿಂದಕ್ಕೆ, ಇಸ್ತ್ರಿ ಮಾಡಿದ ಹಾಗೆ, ಉಗ್ರಾಣದವನು ಒಂದೊಂದೇ ಸಾಮಾನು ಎಣಿಸಿ ಇಟ್ಟುಕೊಳ್ಳುತ್ತಿದ್ದಾನೆ, ನಿಧಾನ ಮಾಡು, ಇನ್ನೂ ನಿಧಾನ ಮಾಡು, ಬಲಗೈಯಲ್ಲಿ ಫೋನ್ ಜಾರುತ್ತದೆ, ರಕ್ತವೋ ಬೆವರೋ, ರಿಂಗ್ ಆಗುತ್ತಿದೆ, ಎತ್ತು, ಎತ್ತಿದಳು. ಅಪ್ಪ, ಪಾಸಾದ್ರಾ. ಇಲ್ಲ ಪುಟ್ಟಿ, ನಾನೇ ಬೇಡ ಅಂದೆ, ಈಗ ಕೇಳು, ಅವನು ಇಲ್ಲೇ ಇದಾನೆ, ಹೊರಡೋಕೆ ಇನ್ನೂ ಸ್ವಲ್ಪ ಹೊತ್ತಿದೆ, ನೀನು ಉಟ್ಟ ಬಟ್ಟೆಯಲ್ಲೇ ಬಾಗಿಲು ತೆಗೆದು ಹೊರಗೆ ಬಾ, ಬೀಗ ಹಾಕ್ಬೇಡ, ಏನೂ ಎತ್ಕೋಬೇಡ, ಸಿಕ್ಕಿದ ಬಸ್ಸು ಹತ್ತಿ ಅಮ್ಮನ ಹತ್ರ ಹೋಗು, ನಾನೂ ಬರ್ತಿದೀನಿ. ಆ ಕಡೆ ನಲ್ಲಿ ತೊಟ್ಟಿಕ್ಕುವ ಸದ್ದು ಕೇಳುತ್ತಿದೆ. ಕೇಳಿಸ್ತಾ ಪುಟ್ಟಿ. ಕೇಳಿಸ್ತು ಅಪ್ಪ. ಹಾಗಾದ್ರೆ ಏಳು. ಅಪ್ಪ, ಅವರಿಗೆ ಸಿಟ್ಟು ಬಂದಿರುತ್ತೆ ಅಲ್ವಾ, ಓಡಿ ಹೋದ್ರೆ ಇನ್ನೂ ಜಾಸ್ತಿ ಆಗುತ್ತೆ, ಓಡೋರನ್ನೇ ಅಲ್ವಾ ಅಟ್ಟಿಸ್ಕೊಂಡು ಬರೋದು, ನೀನೇ ಹೇಳ್ತಿದ್ದೆ. ಅದು ನಾಯಿ ವಿಷಯಕ್ಕೆ ಹೇಳಿದ್ದು ಪುಟ್ಟಿ, ನಾಯಿ ವಿಷಯಕ್ಕೆ. ಸೂಜಿ ಒಳಗೆ ಹೋಯಿತು, ದಾರ ಮಾಂಸದಲ್ಲಿ ಎಳೆಯುವ ಸದ್ದು ಕಿವಿಯ ಒಳಗಿನಿಂದ ಕೇಳಿಸುತ್ತದೆ, ಉಗ್ರಾಣದವನು ಸೀಟಿ ತೆಗೆದು ಡಬ್ಬಕ್ಕೆ ಹಾಕಿದ, ಅಳಿಯ ಸಹಿ ಮಾಡಲು ಬಗ್ಗಿದ, ನೀನು ಹೆದರಬೇಡ ಅಪ್ಪ ಅನ್ನುತ್ತಿದ್ದಾಳೆ, ನನ್ನನ್ನು ಸಮಾಧಾನ ಮಾಡುತ್ತಿದ್ದಾಳೆ, ನಾನು ಏನೂ ಮಾಡಲ್ಲ, ಸುಮ್ಮನೆ ಇರ್ತೀನಿ, ಸುಮ್ಮನಿದ್ರೆ ಬೇಗ ಮುಗಿಯುತ್ತೆ. ಏಳು ಅಂತ ಕೂಗಿದೆ, ಕಾಂಪೌಂಡರ್ ಬೆಚ್ಚಿ ಸೂಜಿ ಬಿಟ್ಟ, ಅಲುಗಾಡು ಪುಟ್ಟಿ, ಅಲುಗಾಡು, ನಾನು ಹೇಳಿದ್ದು ತಪ್ಪು, ಕಚ್ಚು, ಒದೆ, ಓಡು, ಆ ಕಡೆಯಿಂದ ಒಂದು ಸದ್ದು ಬರಲಿ ಎಂದು ಫೋನನ್ನು ಕಿವಿಗೆ ಒತ್ತಿದ್ದೇನೆ, ಕುರ್ಚಿ ಸರಿದ ಸದ್ದು, ಚಪ್ಪಲಿ, ಚಿಲಕ, ಯಾವುದಾದರೂ, ನಲ್ಲಿ ತೊಟ್ಟಿಕ್ಕುತ್ತಿದೆ, ಇತ್ತ ಹೊರಗೆ ಅಳಿಯ ಬೈಕಿಗೆ ಒದ್ದ ಸದ್ದು, ಹೊತ್ತಿಕೊಳ್ಳಲಿಲ್ಲ, ಮತ್ತೆ ಒದ್ದ, ಹೊತ್ತಿಕೊಂಡಿತು, ಪುಟ್ಟಿ, ಅವಳ ಉಸಿರು ಕೇಳುತ್ತಿದೆ, ಅಲ್ಲೇ ಇದ್ದಾಳೆ, ನನಗೆ ಕಾಣುತ್ತಿದೆ, ಬಲಗೈಯಲ್ಲಿ ಫೋನ್, ಎಡಗೈ ಕಿಟಕಿಯ ಚೌಕಟ್ಟಿನ ಮೇಲೆ, ಬೆರಳು ಅರ್ಧ ಮಡಚಿದೆ, ಎರಡು ಉಗುರು ಕಪ್ಪು, ನೊಣ ಬಂದು ಕೂತಿದೆ, ಆ ಕೈ —